“ಇದು ನಮ್ಮ ಮಟ್ಟದ್ದಲ್ಲ” ಎಂಬ ಷರಾದ ಬಗ್ಗೆ ಕುಲಪತಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು ಹಾಗೂ ಭೌತಶಾಸ್ತ್ರ ಅಧ್ಯಯನ ಮಂಡಳಿಗಳ ಮಾನ್ಯ ಅಧ್ಯಕ್ಷರು

ವಿಷಯ: ಸಣ್ಣ ಊರಿನ ಕಾಲೇಜುಗಳ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಇಂದಿನ ಸಂಶೋಧನೆಯ ವಿಷಯಗಳನ್ನು ತೆರೆದುಕೊಡುವ ಕುರಿತು

ಮಾನ್ಯರೇ,

ನಾನು ಶಿರಸಿಯವನು. ಘಟ್ಟದ ಮೇಲೆ ಹದಿನಾಲ್ಕು ವರ್ಷ, ಘಟ್ಟದ ಕೆಳಗೆ ಹದಿನೇಳು ವರ್ಷ ಪದವಿ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿ ಈಗ ನಿವೃತ್ತನಾಗಿದ್ದೇನೆ. ಈ ಪತ್ರವನ್ನು ಸೇವೆಯಲ್ಲಿದ್ದಾಗಲೇ ಬರೆಯಬೇಕಿತ್ತು. ಬರೆಯಲಿಲ್ಲ. ಆ ತಪ್ಪು ನನ್ನ ತಲೆಯ ಮೇಲಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಮಣ್ಣು ಗಂಗಾವಳಿ ನದಿಗೆ ನುಗ್ಗಿದ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ನೌಕಾಪಡೆಯವರು ಸೋನಾರ್ ತಂದರು, ನೆಲದೊಳಗೆ ಹುಡುಕುವ ರಾಡಾರ್ ಬಂತು, ವಾರಗಟ್ಟಲೆ ನಾಡೆಲ್ಲ ಆ ನದಿಯನ್ನೇ ನೋಡುತ್ತಿತ್ತು. ಆಗಸ್ಟಿನಲ್ಲಿ ಕಾಲೇಜಿಗೆ ಬಂದಾಗ ನನ್ನ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಗಂಗಾವಳಿ ದಂಡೆಯ ಊರಿನವಳು. ಅವಳು ಕೇಳಿದ್ದು ಇಷ್ಟು: “ಸರ್, ಗುಡ್ಡದ ಹೊಟ್ಟೆಯಲ್ಲಿ ಎಷ್ಟು ನೀರು ತುಂಬಿದೆ ಅಂತ ಹೊರಗಿಂದಲೇ ಲೆಕ್ಕ ಹಾಕೋದಕ್ಕೆ ಭೌತಶಾಸ್ತ್ರದಲ್ಲಿ ಏನಾದರೂ ದಾರಿ ಇದ್ಯಾ?”

ಮೂವತ್ತು ವರ್ಷದಲ್ಲಿ ಅಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿರಲಿಲ್ಲ. ದಾರಿ ಇದೆ. ಬಾಹ್ಯಾಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ಗಾಳಿಗೂ ಮಣ್ಣಿಗೂ ಬಡಿದಾಗ ನ್ಯೂಟ್ರಾನುಗಳು ಚಿಮ್ಮುತ್ತವೆ. ನೆಲ ಒಣಗಿದ್ದರೆ ಅವು ಪುಟಿದು ಮೇಲೆ ಬರುತ್ತವೆ. ನೆಲ ಒದ್ದೆಯಾಗಿದ್ದರೆ ನೀರಿನಲ್ಲಿರುವ ಜಲಜನಕದ ನ್ಯೂಕ್ಲಿಯಸ್ ಅವುಗಳ ವೇಗವನ್ನು ಹೀರಿಕೊಳ್ಳುತ್ತದೆ. ಗೋಲಿಯಾಟದಲ್ಲಿ ಸಮತೂಕದ ಗೋಲಿಗೆ ಗೋಲಿ ನೇರ ಬಡಿದರೆ ಓಡಿ ಬಂದದ್ದು ಅಲ್ಲೇ ನಿಲ್ಲುತ್ತದಲ್ಲ, ಹಾಗೆಯೇ. ನೆಲದ ಮೇಲೆ ಒಂದು ಎಣಿಕೆ ಯಂತ್ರ ಇಟ್ಟು ವೇಗದ ನ್ಯೂಟ್ರಾನು ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ, ಸುತ್ತಲಿನ ನೂರಾರು ಮೀಟರಿನ ಮಣ್ಣಿನ ತೇವ ಗೊತ್ತಾಗುತ್ತದೆ. ಕಳೆದ ಹದಿನೈದು ಹದಿನಾರು ವರ್ಷಗಳಲ್ಲಿ ಹಲವು ದೇಶಗಳು ಈ ವಿಧಾನವನ್ನು ಬಳಕೆಗೆ ತಂದಿವೆ. ಇದು ಮೇಲಿನ ಒಂದೆರಡು ಅಡಿ ಮಣ್ಣನ್ನು ಮಾತ್ರ ನೋಡುತ್ತದೆ, ಗುಡ್ಡದ ಹೊಟ್ಟೆಯವರೆಗೆ ಹೋಗುವುದಿಲ್ಲ ಎಂಬುದನ್ನೂ ನಾನು ಅವಳಿಗೆ ಮುಚ್ಚಿಡಲಿಲ್ಲ.

ನ್ಯೂಟ್ರಾನ್ ಎಣಿಸುವ ಯಂತ್ರ ನಮ್ಮಂಥವರ ಕೈಗೆ ಎಟುಕುವ ಬೆಲೆಯದ್ದಲ್ಲ. ಆದ್ದರಿಂದ ಅವಳ ಅಂತಿಮ ವರ್ಷದ ಪ್ರಾಜೆಕ್ಟಿಗೆ ಮೊದಲು ಅದೇ ವಿಶ್ವಕಿರಣಗಳ ಇನ್ನೊಂದು ಮಗು, ಮ್ಯೂಯಾನ್ ಎಂಬ ಅಲ್ಪಾಯುಷಿ ಕಣವನ್ನು ಎಣಿಸುವುದನ್ನು ಕಲಿಯೋಣ ಎಂದು ನಿಶ್ಚಯಿಸಿದೆವು. ಅಮೆರಿಕದ ಎಂಐಟಿಯವರು ‘ಕಾಸ್ಮಿಕ್ ವಾಚ್’ ಎಂಬ ಪುಟ್ಟ ಎಣಿಕೆ ಪೆಟ್ಟಿಗೆಯ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಐದು ಸೆಂಟಿಮೀಟರ್ ಅಗಲ, ಐದು ಉದ್ದದ ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ ಬಿಲ್ಲೆ (ಕಣ ಹಾದಾಗ ಮಿನುಗುವಂಥದ್ದು), ಅದಕ್ಕೆ ಅಂಟಿಸಿದ ಬೆಳಕಿನ ಸಂವೇದಕ, ಎಣಿಕೆಗೆ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಒಂದರ ಸಾಮಾನಿಗೆ ನೂರು ಡಾಲರಿನ ಆಸುಪಾಸು. ಎರಡು ಪೆಟ್ಟಿಗೆಗಳ ಸಾಮಾನನ್ನು ನಾನೇ ತರಿಸಿದೆ.

ಈ ಯೋಜನೆಯ ತಿರುಳನ್ನು ತಮ್ಮ ಮುಂದೆ ಇಡಲೇಬೇಕು. “ನಮ್ಮ ಮಟ್ಟದ್ದಲ್ಲ” ಎಂದು ಒಂದು ಸಮಿತಿ ತಳ್ಳಿಹಾಕಿದ್ದು ಇದನ್ನೇ.

ಮ್ಯೂಯಾನ್ ಹುಟ್ಟುವುದು ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಅದರ ಸರಾಸರಿ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ 2.2 ಪಟ್ಟು, ಅಷ್ಟೇ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಅದು ಕ್ರಮಿಸಬಹುದಾದದ್ದು 660 ಮೀಟರ್. ಈಗ ನಮ್ಮ ಜಿಲ್ಲೆಯ ನಕ್ಷೆ ನೋಡಿ. ಕುಮಟೆ ಇರುವುದು ಕಡಲ ಮಟ್ಟದಲ್ಲಿ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಹೆಚ್ಚುಕಡಿಮೆ 600 ಮೀಟರ್ ಎತ್ತರ. ಮ್ಯೂಯಾನಿನ ಒಂದು ಆಯುಷ್ಯದ ಹಾದಿಯೂ ನಮ್ಮ ಘಟ್ಟದ ಎತ್ತರವೂ ಹೆಚ್ಚುಕಡಿಮೆ ಒಂದೇ! ಐನ್‌ಸ್ಟೈನ್ ಹೇಳಿದ ಕಾಲದ ಹಿಗ್ಗುವಿಕೆ, ಅಂದರೆ ಅತಿ ವೇಗದಲ್ಲಿ ಓಡುವುದರ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ ಎಂಬ ಮಾತು, ಸುಳ್ಳಾಗಿದ್ದರೆ ಶಿರಸಿಯ ಮಟ್ಟವನ್ನು ದಾಟಿದ ನೂರು ಮ್ಯೂಯಾನುಗಳಲ್ಲಿ ಕುಮಟೆಯ ಮಟ್ಟಕ್ಕೆ ನಲವತ್ತು ಮಾತ್ರ ಮುಟ್ಟಬೇಕು. ಸಿದ್ಧಾಂತ ನಿಜವಾಗಿದ್ದರೆ ತೊಂಬತ್ತರ ಆಸುಪಾಸಿನಲ್ಲಿ ಮುಟ್ಟಬೇಕು. ನಲವತ್ತಕ್ಕೂ ತೊಂಬತ್ತಕ್ಕೂ ಇರುವ ಅಂತರ ಕಾಣಲು ದೊಡ್ಡ ಯಂತ್ರ ಬೇಡ. ಕಡಲ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಬೀಳುತ್ತದೆ. ಒಂದರ ಮೇಲೊಂದು ಇಟ್ಟ ಎರಡು ಪೆಟ್ಟಿಗೆಗಳನ್ನೂ ಹಾದುಹೋದದ್ದನ್ನಷ್ಟೇ ಎಣಿಸಿದರೂ ಒಂದು ಹಗಲು ಒಂದು ರಾತ್ರಿಯಲ್ಲಿ ಹತ್ತು ಸಾವಿರ ದಾಟುತ್ತದೆ. ಹತ್ತು ಸಾವಿರ ಎಣಿಸಿದರೆ ದೋಷ ಶೇಕಡಾ ಒಂದು.

ಇದೇ ಪ್ರಯೋಗವನ್ನು 1940-41ರಲ್ಲಿ ಭೌತಶಾಸ್ತ್ರಜ್ಞ ಬ್ರೂನೋ ರೊಸ್ಸಿ ಮತ್ತು ಅವರ ಸಹೋದ್ಯೋಗಿ ಅಮೆರಿಕದ ಎಕೋ ಲೇಕ್ ಮತ್ತು ಡೆನ್ವರ್ ನಡುವೆ ಮಾಡಿದರು. ಅಂದು ಅದು ಜಗತ್ತಿನ ಮುಂಚೂಣಿಯ ಸಂಶೋಧನೆ. ಇಂದು ಕುಮಟೆಯ ಬಸ್ ಹಿಡಿದು ಹೋಗುವ ಹುಡುಗಿ ಅದನ್ನು ತಾನೇ ಮಾಡಿ ನೋಡಬಹುದು. ಅಲ್ಲಿಗೇ ನಿಲ್ಲಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಯ ಒತ್ತಡ ಚಳಿಗಾಲಕ್ಕಿಂತ ಕೆಲವು ಹೆಕ್ಟೊಪಾಸ್ಕಲ್ ಕಡಿಮೆ. ಒತ್ತಡ ಇಳಿದರೆ ಮ್ಯೂಯಾನಿನ ಎಣಿಕೆ ಏರುತ್ತದೆ. ವರ್ಷವಿಡೀ ಎಣಿಸಿದರೆ ಮುಂಗಾರಿನ ಗುರುತು ಆ ಎಣಿಕೆಯಲ್ಲೇ ಮೂಡಬೇಕು. ಇದನ್ನು ಹೇಳಿದಾಗ ಅವಳ ಕಣ್ಣು ಅರಳಿದ್ದು ನನಗಿನ್ನೂ ನೆನಪಿದೆ.

ಪ್ರಸ್ತಾವ ಬರೆದು ಕಳಿಸಿದೆವು. ಒಪ್ಪಿಗೆ ಕೊಡಬೇಕಾದ ಸಮಿತಿಯವರು ಅವಳನ್ನು ಕರೆದು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ನನ್ನ ಮುಂದೆ ಗೋಲಿಯ ಉಪಮೆ ಕೊಟ್ಟು ನ್ಯೂಟ್ರಾನನ್ನು ಲೀಲಾಜಾಲವಾಗಿ ವಿವರಿಸುತ್ತಿದ್ದವಳು ಅಲ್ಲಿ ತಡವರಿಸಿದಳು. ಕನ್ನಡದಲ್ಲಿ ಹೇಳಲೇ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಪ್ರಸ್ತಾವದ ಕೊನೆಯಲ್ಲಿ ಷರಾ ಬಂತು: ಇದು ನಮ್ಮ ಮಟ್ಟದ್ದಲ್ಲ, ಪಟ್ಟಿಯಲ್ಲಿರುವ ವಿಷಯ ಆರಿಸಿಕೊಳ್ಳುವುದು. ಆ ಸಮಿತಿಯ, ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಇಂಥ ಷರಾ ಬರೆದ ಕೈ ಒಂದೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಪಟ್ಟಿಯಿಂದ ಅವಳು ಆರಿಸಿದ್ದು ಎಲ್‌ಇಡಿ ಬಳಸಿ ಕ್ವಾಂಟಂ ಭೌತಶಾಸ್ತ್ರದ ಮೂಲ ಸಂಖ್ಯೆಯಾದ ಪ್ಲ್ಯಾಂಕ್ ಸ್ಥಿರಾಂಕವನ್ನು ಕಂಡುಹಿಡಿಯುವುದು. ಒಂದು ಮಧ್ಯಾಹ್ನದ ಲ್ಯಾಬ್ ಕೆಲಸ. ಅವಳಿಗೆ ಮಾದರಿ ತೋರಿಸೋಣವೆಂದು ಕಪಾಟು ತೆರೆದು ಹಳೆಯ ಪ್ರಾಜೆಕ್ಟ್ ವರದಿಗಳನ್ನು ತೆಗೆದೆ. ಮೂರು ಬೇರೆ ಬೇರೆ ವರ್ಷದ ಮೂರು ವರದಿಗಳಲ್ಲಿ ಒಂದೇ ಗ್ರಾಫ್, ಒಂದೇ ಅಂಕಿಗಳು, ಒಂದೇ ತಪ್ಪು. ಜೌಲ್-ಸೆಕೆಂಡ್ ಎಂದಿರಬೇಕಾದ ಮಾನ ಮೂರರಲ್ಲೂ “ಜೌಲ್ ಪರ್ ಸೆಕೆಂಡ್” ಎಂದಿತ್ತು. ಮೂರಕ್ಕೂ ಪರೀಕ್ಷಕರ ಸಹಿ ಇತ್ತು. ಒಂದು ಸಹಿ ನನ್ನದು.

ಇನ್ನೊಂದು ಮಾತೂ ಹೇಳಬೇಕು. 2019ರ ಮೇ 20ರಿಂದ ಪ್ಲ್ಯಾಂಕ್ ಸ್ಥಿರಾಂಕದ ಬೆಲೆಯನ್ನು ಜಗತ್ತು ವ್ಯಾಖ್ಯೆಯಿಂದಲೇ ಸ್ಥಿರಗೊಳಿಸಿದೆ. ಪ್ಯಾರಿಸ್ಸಿನ ಬಳಿ ಇಟ್ಟಿದ್ದ ಲೋಹದ ಬೊಡ್ಡೆಗೆ ವಿದಾಯ ಹೇಳಿ, ಕಿಲೋಗ್ರಾಮನ್ನೇ ಈ ಸ್ಥಿರಾಂಕದ ಮೇಲೆ ನಿಲ್ಲಿಸಲಾಗಿದೆ. ಅಂದರೆ ನಮ್ಮ ಮಕ್ಕಳು ‘ಕಂಡುಹಿಡಿಯುವ’ ಸಂಖ್ಯೆ ಈಗ ಅಳೆಯುವ ಸಂಖ್ಯೆಯೇ ಅಲ್ಲ. ನಾನು ಕೊನೆಯವರೆಗೆ ಬಳಸಿದ ಲ್ಯಾಬ್ ಕೈಪಿಡಿಯಲ್ಲಿ ಈ ಮಾತಿರಲಿಲ್ಲ. ಎಲ್‌ಇಡಿಯ ಪ್ರಯೋಗ ಬೇಡವೆಂದಲ್ಲ. ಕೈ ಪಳಗಲು ಅದು ಬೇಕು. ಅದನ್ನು ಪ್ರಾಜೆಕ್ಟ್ ಎಂದು ಕರೆದು ಸಂಶೋಧನೆಯ ಜಾಗದಲ್ಲಿ ಕೂರಿಸಿದ್ದೇ ಅನ್ಯಾಯ.

ಅವಳಿಗೆ ಆ ಪ್ರಾಜೆಕ್ಟಿನಲ್ಲಿ ಪೂರ್ತಿ ಅಂಕ ಬಂತು. ಈಗ ಮಂಗಳೂರಿನಲ್ಲಿ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ದುಡಿಮೆ ಯಾವುದೂ ಕೀಳಲ್ಲ. ಆದರೆ ಎಂ.ಎಸ್ಸಿ.ಗೆ ಯಾಕಮ್ಮ ಹೋಗಲಿಲ್ಲ ಎಂದು ಕೇಳಿದಾಗ ಅವಳು ಹೇಳಿದ ಮಾತು ನನ್ನ ನಿದ್ದೆ ಕೆಡಿಸಿದೆ: “ಅಲ್ಲಿಯೂ ಪಟ್ಟಿ ಇರ್ತದಲ್ಲ ಸರ್.”

ಮಾನ್ಯರೇ, ಯಾವುದು ನಮ್ಮ ಮಟ್ಟ?

ಮುವ್ವತ್ತು ವರ್ಷದ ಹಿಂದೆ ಈ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿರಲಿಲ್ಲ. ಶಿರಸಿಯ ಅಂಚೆಗೆ ಒಂದು ಜರ್ನಲ್ ಬರುವುದೇ ದೊಡ್ಡ ಸಂಗತಿಯಾಗಿತ್ತು. ಈಗ ಕಾಲ ಬೇರೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಮೊದಲ ಬಾರಿ ಗುರುತ್ವ ಅಲೆ, ಅಂದರೆ ದೇಶ-ಕಾಲದಲ್ಲೇ ಏಳುವ ಅಲೆ, ಸಿಕ್ಕಿತು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಒಂದಾದವು. ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹೊರಟುಹೋಯಿತು. ಆ ದತ್ತಾಂಶ ಇಂದು ಯಾರು ಬೇಕಾದರೂ ಇಳಿಸಿಕೊಳ್ಳುವಂತಿದೆ. 2023ರಲ್ಲಿ ಎಂಟು ಮಕ್ಕಳನ್ನು ಕೂರಿಸಿಕೊಂಡು ಕಾಲೇಜಿನ ಒಂದು ಹಳೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಗದ್ದಲವನ್ನು ಸೋಸಿ ತೆಗೆಯಲು ಎರಡು ಸಂಜೆ ಹಿಡಿಯಿತು. ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ 35 ಹರ್ಟ್ಸಿನಿಂದ 250 ಹರ್ಟ್ಸಿಗೆ ಏರುವ ಆ ಅಲೆಯನ್ನು ಸ್ಪೀಕರಿಗೆ ಕೊಟ್ಟಾಗ, ನೂರ ಮೂವತ್ತು ಕೋಟಿ ಜ್ಯೋತಿರ್ವರ್ಷಗಳ ಆಚೆಯ ಸದ್ದು ನಮ್ಮ ಲ್ಯಾಬಿನ ಮೇಜಿನ ಮೇಲೆ ಒಮ್ಮೆ ‘ಊಪ್’ ಎಂದಿತು. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, “ಇನ್ನೊಂದು ಸಲ ಸರ್” ಎಂದ. ಹೊರಗೆ ಕೊನೆಯ ಬಸ್ಸಿನ ಹೊತ್ತು ಮೀರುತ್ತಿದ್ದರೂ ಏಳು ಸಲ ಕೇಳಿದರು.

ಅದೇ ವರ್ಷದ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದೇ ಜೂನಿನಲ್ಲಿ ಗಡಿಯಾರದಂತೆ ಮಿಡಿಯುವ ಪಲ್ಸಾರ್ ನಕ್ಷತ್ರಗಳನ್ನು ಗಮನಿಸುವ ಭಾರತದ ತಂಡ, ಪುಣೆ ಬಳಿಯ ದೈತ್ಯ ರೇಡಿಯೋ ದೂರದರ್ಶಕದ ದತ್ತಾಂಶದೊಂದಿಗೆ, ಇಡೀ ವಿಶ್ವದಲ್ಲಿ ಗುಂಯ್‌ಗುಡುವ ಅತಿ ನಿಧಾನದ ಗುರುತ್ವ ಅಲೆಗಳ ಕುರುಹು ಸಿಕ್ಕಿದೆ ಎಂದು ಯುರೋಪಿನವರ ಜೊತೆಗೂಡಿ ಸಾರಿತು. ಆದಿತ್ಯ-ಎಲ್1 ನೌಕೆ ಹೊತ್ತ, ಸೂರ್ಯನ ಹೊರ ಆವರಣವಾದ ಕರೋನಾ ನೋಡುವ ಉಪಕರಣ ತಯಾರಾದದ್ದು ನಮ್ಮ ಹೊಸಕೋಟೆಯಲ್ಲಿ. 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು (ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಕಣಗಳನ್ನು) ಜಗತ್ತಿನಲ್ಲೇ ಮೊದಮೊದಲಿಗೆ ಹಿಡಿದವರಲ್ಲಿ ಒಂದು ತಂಡ ಕೆಲಸ ಮಾಡಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ತಳದಲ್ಲಿ. ಇದು ಈ ನಾಡಿನ ಮಟ್ಟ. ಇದಕ್ಕಿಂತ ಕೆಳಗಿನ ಮಟ್ಟವೊಂದನ್ನು ಗೀಟು ಹಾಕಿ ಘಟ್ಟದ ಮಕ್ಕಳಿಗೆ ಯಾರು ಗೊತ್ತುಮಾಡಿದರು?

ಕೈಗಾ ಪರಮಾಣು ವಿದ್ಯುತ್ ಸ್ಥಾವರದ ಮಾತು ಎತ್ತದೆ ಉತ್ತರ ಕನ್ನಡದ ಭೌತಶಾಸ್ತ್ರದ ಬಗ್ಗೆ ಬರೆಯಲಾಗದು. ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಒಂದನೇ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಸ್ಥಾವರದ ಪರ ವಿರೋಧ ನಮ್ಮ ಮನೆ ಮನೆಯಲ್ಲಿ ಇತ್ತು, ಇದೆ. ಆ ಚರ್ಚೆಗೆ ಇದು ಜಾಗವಲ್ಲ. ಕೈಗಾದಿಂದ ಶಿರಸಿಗೆ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರ್ ಎಂಬುದನ್ನು ಮಾತ್ರ ಗಮನಿಸಿ. ಚೀನಾದವರು 20,000 ಟನ್ ದ್ರವದ ಜೂನೋ ಎಂಬ ನ್ಯೂಟ್ರಿನೋ ಪ್ರಯೋಗಾಲಯವನ್ನು ನೆಲದಡಿ ಕಟ್ಟಿ, 2025ರ ಆಗಸ್ಟಿನಲ್ಲಿ ಕೆಲಸ ಶುರುಮಾಡಿದರು. ಅದನ್ನು ಎರಡು ಪರಮಾಣು ಸ್ಥಾವರಗಳಿಂದ ಬೇಕೆಂದೇ 53 ಕಿಲೋಮೀಟರ್ ದೂರದಲ್ಲಿ ಇಟ್ಟಿದ್ದಾರೆ. ರಿಯಾಕ್ಟರಿನಿಂದ ಹೊರಟ ಪ್ರತಿ-ನ್ಯೂಟ್ರಿನೋ ತನ್ನ ವೇಷ ಬದಲಿಸುವುದು ಎದ್ದು ಕಾಣುವುದು ಆ ದೂರದಲ್ಲೇ. ಹೆಚ್ಚುಕಡಿಮೆ ಅದೇ ದೂರದಲ್ಲಿ ನಾವು ಶಿರಸಿಯವರು ದಿನಾ ಮಲಗಿ ಏಳುತ್ತಿದ್ದೇವೆ.

ನಾಲ್ಕೂ ಘಟಕ ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಶಿರಸಿಯ ದೇವಿಕೆರೆಯ ದಂಡೆಯಲ್ಲಿ ನಿಂತವನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಎಷ್ಟು ಕೈಗಾದ ನ್ಯೂಟ್ರಿನೋ ಹಾದುಹೋಗುತ್ತವೆ? ನನ್ನ ಸ್ಥೂಲ ಲೆಕ್ಕದಲ್ಲಿ ಹದಿನೈದಿಪ್ಪತ್ತು ಲಕ್ಷ. ಸೂರ್ಯನಿಂದ ಬರುವವು ಅದೇ ಜಾಗಕ್ಕೆ ಆರು ಸಾವಿರ ಕೋಟಿಗೂ ಹೆಚ್ಚು. ಎರಡರಿಂದಲೂ ಯಾರಿಗೂ ಏನೂ ಆಗುವುದಿಲ್ಲ, ಅವು ಭೂಮಿಯನ್ನೇ ತೂರಿಹೋಗುತ್ತವೆ. ಇಲ್ಲೊಂದು ಜೂನೋ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಆದರೆ ಇಲ್ಲಿ ಇಂತಿಷ್ಟು ಟನ್ ದ್ರವ ಇಟ್ಟರೆ ವರ್ಷಕ್ಕೆ ಎಷ್ಟು ಸಿಕ್ಕೀತು, ಮುಂಬೈಯ ಧ್ರುವ ರಿಯಾಕ್ಟರಿನ ಪಕ್ಕದಲ್ಲಿ ಪ್ರತಿ-ನ್ಯೂಟ್ರಿನೋ ಹಿಡಿಯಲೆಂದು ನಮ್ಮವರೇ ಇಟ್ಟಿರುವ ಇಸ್ಮ್ರಾನ್ ಯಂತ್ರಕ್ಕೆ ಹೋಲಿಸಿದರೆ ಅದು ಹೇಗೆ, ಹಿನ್ನೆಲೆಯ ಮ್ಯೂಯಾನನ್ನು ತಡೆಯಲು ಎಷ್ಟು ಕಲ್ಲು ಬೇಕು ಎಂದು ಒಬ್ಬ ವಿದ್ಯಾರ್ಥಿ ಆರು ತಿಂಗಳು ಲೆಕ್ಕ ಹಾಕಿದರೆ, ಅದಕ್ಕೆ ತಗಲುವ ಖರ್ಚು ಕಾಗದ ಮತ್ತು ವಿದ್ಯುತ್ತಿನದು. ಪರಮಾಣು ಭೌತಶಾಸ್ತ್ರವನ್ನೂ, ಸಂಖ್ಯಾಶಾಸ್ತ್ರವನ್ನೂ, ಇಂದು ಜಗತ್ತು ಉತ್ತರ ಹುಡುಕುತ್ತಿರುವ ನ್ಯೂಟ್ರಿನೋ ತೂಕದ ಪ್ರಶ್ನೆಯನ್ನೂ ಅವನು ಒಟ್ಟಿಗೇ ಕಲಿಯುತ್ತಾನೆ. ಈಗ ನಾವು ಮಾಡುತ್ತಿರುವುದೇನು? ಕೈಗಾಕ್ಕೆ ಬಸ್ಸಿನಲ್ಲಿ ಕರೆದೊಯ್ದು, ಗುಂಪು ಫೋಟೋ ತೆಗೆಸಿ, ಕದ್ರಾದಲ್ಲಿ ಊಟ ಮಾಡಿಸಿ ವಾಪಸ್ ತರುವುದು.

ಬೇಸಿಗೆಯ ಕೊನೆಗೆ ಸಿದ್ದಾಪುರ, ಯಲ್ಲಾಪುರದ ಮೇಲೆ ಅಪ್ಪಳಿಸುವ ಗುಡುಗು ಸಿಡಿಲನ್ನೇ ತೆಗೆದುಕೊಳ್ಳಿ. ಊಟಿಯಲ್ಲಿ ವಿಶ್ವಕಿರಣಗಳನ್ನು ಅಳೆಯುವ ಗ್ರೇಪ್ಸ್-3 ಪ್ರಯೋಗದವರು 2014ರ ಡಿಸೆಂಬರ್ 1ರ ಒಂದು ಗುಡುಗು ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತೆಂದು ಅಳೆದು 2019ರಲ್ಲಿ ಪ್ರಕಟಿಸಿದರು. ಅಳೆದದ್ದು ಹೇಗೆ? ಮೋಡ ಹಾದುಹೋಗುವಾಗ ಮ್ಯೂಯಾನಿನ ಎಣಿಕೆ ಎಷ್ಟು ಕುಸಿಯಿತು ಎಂದು ನೋಡಿ. ಅವರ ಯಂತ್ರ ಆರು ಮೀಟರ್ ಉದ್ದದ ಕಬ್ಬಿಣದ ಚೌಕ ಕೊಳವೆಗಳ ರಾಶಿ. ನಮ್ಮ ಅಂಗೈಯಗಲದ ಪೆಟ್ಟಿಗೆಗೆ ಅಷ್ಟು ಸೂಕ್ಷ್ಮ ಕಾಣದು. ಆದರೆ ಜಿಲ್ಲೆಯ ಹತ್ತು ಕಾಲೇಜುಗಳಲ್ಲಿ ಹತ್ತು ದೊಡ್ಡ ಬಿಲ್ಲೆಗಳನ್ನು ಇಟ್ಟು ಎಲ್ಲವನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದರೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಒಂದು ಸಂಶೋಧನೆ.

ಕಾರವಾರದ ಕಡೆಯ ಮಕ್ಕಳಿಗೆ ಕಡಲೇ ಇದೆ. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್, ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ಮಾತನ್ನು ಒಪ್ಪದೆ, ಕೈಯಲ್ಲಿದ್ದ ಒಂದು ಪುಟ್ಟ ಪ್ರಿಸ್ಮಿನಿಂದ ಪ್ರತಿಫಲನವನ್ನು ತಡೆದು ನೋಡಿದರು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಆ ನೋಟದಿಂದ ಹೊರಟ ದಾರಿ ರಾಮನ್ ಪರಿಣಾಮ ಕಂಡ 1928ರ ಫೆಬ್ರುವರಿ 28ಕ್ಕೆ ಮುಟ್ಟಿತು. ಆ ದಿನವನ್ನು ನಾವು ಪ್ರತಿ ವರ್ಷ ಭಾಷಣ ಮಾಡಿ ಆಚರಿಸುತ್ತೇವೆ. ಮಳೆಗಾಲದಲ್ಲಿ ಕಾಳಿ ನದಿಯ ಕೆಂಪು ನೀರು ಕಡಲಿಗೆ ಸೇರುವಾಗ ಬೆಳಕಿನ ಚದುರಿಕೆ ಹೇಗೆ ಬದಲಾಗುತ್ತದೆ ಎಂದು ಅಳೆಯಲು ಒಂದು ಲೇಸರ್ ಟಾರ್ಚು, ಒಂದು ಸಂವೇದಕ ಸಾಕು. ಕೋಡಿಬಾಗದ ದಂಡೆಯಲ್ಲಿ ನಿಂತು ಇದನ್ನು ಅಳೆದ ಭೌತಶಾಸ್ತ್ರದ ಒಂದೂ ಪ್ರಾಜೆಕ್ಟನ್ನು ನಾನು ಪರೀಕ್ಷಕನಾಗಿ ನೋಡಿಲ್ಲ.

ಪಿಎಚ್‌.ಡಿ. ವಿಷಯಗಳ ಬಗ್ಗೆಯೂ ಎರಡು ಮಾತು ಹೇಳುವ ಧೈರ್ಯ ಮಾಡುತ್ತೇನೆ. ಕಳೆದ ಹದಿನೈದು ವರ್ಷದಲ್ಲಿ ನಾನು ಕೂತು ಕೇಳಿದ ವೈವಾಗಳಲ್ಲಿ (ಮೌಖಿಕ ಪರೀಕ್ಷೆಗಳಲ್ಲಿ) ಹೆಚ್ಚಿನವು ಒಂದೇ ಅಚ್ಚಿನವು. ಒಂದು ಆಕ್ಸೈಡಿನ ನ್ಯಾನೋ ಕಣ ತಯಾರಿಸು, ಅದಕ್ಕೆ ಇನ್ನೊಂದು ಲೋಹ ಬೆರೆಸು, ಎಕ್ಸ್-ರೇ ಹಾಕು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ತೆಗೆಸು, ಬ್ಯಾಂಡ್ ಗ್ಯಾಪ್ ಬರೆ. ಮುಂದಿನ ವಿದ್ಯಾರ್ಥಿಗೆ ಬೆರೆಸುವ ಲೋಹ ಬೇರೆ, ಉಳಿದದ್ದು ಅದೇ. ಇದನ್ನು ವಸ್ತುವಿಜ್ಞಾನದ ಮೇಲಿನ ತಾತ್ಸಾರದಿಂದ ಹೇಳುತ್ತಿಲ್ಲ. ಅದರಷ್ಟು ಜೀವಂತ ಕ್ಷೇತ್ರ ಇಂದು ಇನ್ನೊಂದಿಲ್ಲ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನನ್ನು ಎರಡು ತೆಗೆದುಕೊಂಡು ಒಂದರ ಮೇಲೊಂದು 1.1 ಡಿಗ್ರಿ ತಿರುಚಿಟ್ಟರೆ ಅತಿ ಶೀತದಲ್ಲಿ ಅವು ಅತಿವಾಹಕವಾಗುತ್ತವೆ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುತ್ತವೆ ಎಂದು 2018ರಲ್ಲಿ ಕಂಡಾಗ ಜಗತ್ತಿನ ಅರ್ಧ ಲ್ಯಾಬುಗಳು ಆ ಕಡೆ ತಿರುಗಿದವು. 2016ರ ನೊಬೆಲ್ ಬಂದದ್ದು ವಸ್ತುಗಳೊಳಗಿನ ಟೋಪಾಲಜಿಗೆ (ಎಳೆದರೂ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತಕ್ಕೆ). 2025ರದ್ದು, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುತ್ ಮಂಡಲದಲ್ಲೂ ಕ್ವಾಂಟಂ ಸುರಂಗ ತೂರುವಿಕೆಯನ್ನು (ದಾಟಲಾಗದ ತಡೆಯನ್ನೂ ದಾಟುವುದನ್ನು) ತೋರಿಸಿದ್ದಕ್ಕೆ. ನನ್ನ ತಕರಾರು ಇಷ್ಟೇ: ಪ್ರಶ್ನೆಯಿಂದ ಹೊರಟು ವಸ್ತುವಿಗೆ ಹೋಗಬೇಕಾದವರು, ಸಿಗುವ ಯಂತ್ರದಿಂದ ಹೊರಟು ಪ್ರಶ್ನೆಯನ್ನು ಆಮೇಲೆ ಅಂಟಿಸುತ್ತಿದ್ದೇವೆ. ಮಾರ್ಗದರ್ಶಕರ ಮೇಲೂ ಪೂರ್ತಿ ತಪ್ಪು ಹೊರಿಸಲಾರೆ. ಮೂರು ವರ್ಷದಲ್ಲಿ ಮುಗಿಯಬೇಕು, ಇಂತಿಷ್ಟು ಪೇಪರ್ ಬರಬೇಕು, ಖಾಲಿ ಹುದ್ದೆ ತುಂಬಿಲ್ಲ, ಅತಿಥಿ ಉಪನ್ಯಾಸಕರ ಮೇಲೆ ವಿಭಾಗ ನಡೆಯಬೇಕು. ಹೀಗಿದ್ದಾಗ ಸೋಲುವ ಭಯವಿರುವ ವಿಷಯವನ್ನು ಯಾರು ಮುಟ್ಟುತ್ತಾರೆ?

ಹಣ ಇಲ್ಲ ಎಂಬ ಉತ್ತರ ಬರಬಹುದೆಂದು ಬಲ್ಲೆ. ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 2023ರಲ್ಲಿ 6,003 ಕೋಟಿ ಮಂಜೂರಾಗಿದೆ. ಅದರ ಒಂದು ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ಮುಂದಿರುವ ಸಂಸ್ಥೆಗಳು ಹಿಂದಿರುವ ವಿಶ್ವವಿದ್ಯಾಲಯಗಳನ್ನು ಕೈಹಿಡಿದು ನಡೆಸಲೆಂದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ‘ಪೇರ್’ ಯೋಜನೆ ತಂದಿದೆ. ಹದಿಮೂರು ಸಾವಿರ ಜರ್ನಲುಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದ್ದಾರೆ. ನಾನು ನಿವೃತ್ತನಾಗುವ ವಾರದಲ್ಲೂ ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರಿಗೆ ಆ ಹೆಸರೇ ಗೊತ್ತಿರಲಿಲ್ಲ. ನೀರು ಬಿಟ್ಟಿದ್ದಾರೆ, ಕಾಲುವೆ ವಿಶ್ವವಿದ್ಯಾಲಯದ ಗೇಟಿನಲ್ಲಿ ನಿಂತಿದೆ. ಘಟ್ಟದ ಗದ್ದೆಗೆ ಹರಿದಿಲ್ಲ.

ಇದರ ಮೇಲೆ, ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಹೋಗಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬಡ ಮಕ್ಕಳಿಗೆ ಒಂದು ವರ್ಷದ ಖರ್ಚು ಉಳಿಯಿತು, ಅದು ಸರಿ. ಆದರೆ ಸಂಶೋಧನೆಗೆಂದೇ ಇದ್ದ ನಾಲ್ಕನೇ ವರ್ಷ ಹೋದ ಮೇಲೆ ಮೂರನೇ ವರ್ಷದ ಪ್ರಾಜೆಕ್ಟೊಂದೇ ಅವರ ಪಾಲಿಗೆ ಉಳಿದ ಕಿಂಡಿ. ಅದನ್ನೂ ಹಳೆಯ ಪಟ್ಟಿಯಿಂದ ಮುಚ್ಚಬೇಡಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳಿವು. ಮೊದಲನೆಯದು ಆ ಪಟ್ಟಿ. ಅದನ್ನು ಕಡ್ಡಾಯ ಮಾಡುವುದನ್ನು ಬಿಡಿ. ವಿದ್ಯಾರ್ಥಿ ತಾನೇ ತಂದ ಪ್ರಶ್ನೆಯನ್ನು ತಿರಸ್ಕರಿಸುವುದಾದರೆ ಕಾರಣವನ್ನು ಒಂದು ಪುಟದಲ್ಲಿ ಬರೆದು ಕೊಡುವ ನಿಯಮ ಮಾಡಿ. “ಮಟ್ಟದ್ದಲ್ಲ” ಎಂಬ ಒಂದು ಸಾಲು ಕಾರಣವಾಗಬಾರದು. ಅಂಕ ಕೊಡುವಾಗ ಅಚ್ಚುಕಟ್ಟಾಗಿ ಬೈಂಡ್ ಮಾಡಿದ ವರದಿಗಿಂತ, ದಿನಾಂಕ ಹಾಕಿ ಕೈಯಲ್ಲಿ ಬರೆದ ಅಂಕಿಗಳ ಪುಸ್ತಕಕ್ಕೆ ಹೆಚ್ಚು ತೂಕ ಕೊಡಿ. ನಿರೀಕ್ಷಿಸಿದ್ದು ಸಿಗದೆ ಹೋದರೂ ಯಾಕೆ ಸಿಗಲಿಲ್ಲವೆಂದು ಬರೆದವನಿಗೆ ಪೂರ್ತಿ ಅಂಕ ಸಿಗಲಿ. ಆಗ ಕಪಾಟಿನ ಹಳೆಯ ಗ್ರಾಫುಗಳಿಗೆ ತಾನಾಗಿಯೇ ಬೆಲೆ ಹೋಗುತ್ತದೆ.

ಎರಡನೆಯದು ಭಾಷೆ. ಪ್ರಾಜೆಕ್ಟ್ ವರದಿಯನ್ನೂ ವೈವಾವನ್ನೂ ಕನ್ನಡದಲ್ಲಿ ಒಪ್ಪಿಸುವ ಹಕ್ಕನ್ನು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಇಂಗ್ಲಿಷ್ ಕಲಿಯಲಿ, ಕಲಿಯಲೇಬೇಕು, ಪೇಪರುಗಳೆಲ್ಲ ಅದರಲ್ಲೇ ಇವೆ. ಆದರೆ ಅರ್ಥವಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಹೊತ್ತಿನಲ್ಲಿ ಅದು ಅಡ್ಡಗೋಡೆಯಾಗಬಾರದು. ಆ ದಿನ ಸಮಿತಿಯವರು ಕನ್ನಡದಲ್ಲಿ ಕೇಳಿದ್ದರೆ ಷರಾ ಬೇರೆಯೇ ಇರುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ.

ಮೂರನೆಯದು ಕೈ ಜೋಡಿಸುವುದು. ಬೆಂಗಳೂರಿನ, ಪುಣೆಯ, ಮುಂಬೈಯ ಸಂಸ್ಥೆಗಳ ಸಂಶೋಧಕರು ಪದವಿ ಮಕ್ಕಳಿಗೆ ಸಹ ಮಾರ್ಗದರ್ಶಕರಾಗಲು ಒಪ್ಪಿದರೆ ಅದಕ್ಕೆ ಮಾನ್ಯತೆ ಕೊಡಿ. ನಾನು ಬರೆದ ಮಿಂಚಂಚೆಗಳಿಗೆ ಅವರಲ್ಲಿ ಹಲವರು ಮರುದಿನವೇ ಉತ್ತರಿಸಿದ್ದಾರೆ. ಜಿಲ್ಲೆಗೊಂದು ಉಪಕರಣ ಭಂಡಾರ ಮಾಡಿ. ಒಂದು ಕಾಲೇಜು ಕೊಂಡು ಬೀಗ ಹಾಕಿಡುವ ಬದಲು, ಗ್ರಂಥಾಲಯದ ಪುಸ್ತಕದಂತೆ ಎರವಲು ಪಡೆದು ಹಿಂದಿರುಗಿಸುವಂತಿರಲಿ. ಕೈಗಾದಲ್ಲಿರುವ ಪರಿಸರ ಸಮೀಕ್ಷಾ ಪ್ರಯೋಗಾಲಯದ ಜೊತೆ ಒಂದು ಒಪ್ಪಂದಕ್ಕೆ ಪ್ರಯತ್ನಿಸಿ, ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳಾದರೂ ಅಲ್ಲಿ ಕೂತು ವಿಕಿರಣ ಅಳೆಯುವುದನ್ನು ಕಲಿಯಲಿ. ಸ್ಥಾವರದ ಬಗ್ಗೆ ನಮ್ಮ ಊರುಗಳಲ್ಲಿರುವ ಭಯಕ್ಕೂ ಭರವಸೆಗೂ ಅಳೆಯಲು ಬಲ್ಲ ಸ್ಥಳೀಯ ಮಕ್ಕಳು ಬೇಕು.

ಕೊನೆಯದಾಗಿ, ‘ಆಧುನಿಕ ಭೌತಶಾಸ್ತ್ರ’ ಎಂಬ ಪಠ್ಯಪತ್ರಿಕೆ. ಕಾಂಪ್ಟನ್, ಬೋರ್, ಡಿ ಬ್ರಾಯ್, ಪೆಟ್ಟಿಗೆಯೊಳಗಿನ ಕಣ ಎಂದು ಸಾಗಿ ಅದು ಬಹುಪಾಲು 1930ರ ದಶಕದಲ್ಲೇ ನಿಲ್ಲುತ್ತದೆ. ಅವನ್ನು ತೆಗೆಯುವಂತಿಲ್ಲ, ಅಡಿಪಾಯವದು. ಪ್ರತಿ ಸೆಮಿಸ್ಟರಿನಲ್ಲಿ ಹತ್ತೇ ಗಂಟೆ ಬಿಟ್ಟುಕೊಡಿ. ಆ ಹತ್ತು ಗಂಟೆಗಳಿಗೆ ಪಠ್ಯ ಬೇಡ. ಕಳೆದ ಐದು ವರ್ಷದಲ್ಲಿ ಬಂದ ಒಂದು ಸಂಶೋಧನಾ ಪ್ರಬಂಧವನ್ನು ಉಪನ್ಯಾಸಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ಓದಲಿ. ಉಪನ್ಯಾಸಕರಿಗೂ ಅರ್ಥವಾಗದ ಸಾಲುಗಳು ಬರುತ್ತವೆ. ಬರಲಿ. ಗುರುಗಳಿಗೂ ತಿಳಿಯದ್ದು ಇದೆ ಎಂದು ಕಂಡ ದಿನವೇ ನನ್ನ ಎಷ್ಟೋ ಮಕ್ಕಳು ಮುಂದೆ ಬಂದು ಕೂತಿದ್ದಾರೆ.

ಆ ಎರಡು ಎಣಿಕೆ ಪೆಟ್ಟಿಗೆಗಳು ಈಗ ನನ್ನ ಮನೆಯಲ್ಲಿವೆ. ಕೆಲಸ ಮಾಡುತ್ತವೆ; ಹೋದ ವಾರವೂ ಹಚ್ಚಿ ನೋಡಿದೆ. ಒಂದು ಕಾಲೇಜು ಶಿರಸಿಯ ಕಡೆಯದು, ಒಂದು ಕುಮಟೆ ಅಥವಾ ಅಂಕೋಲೆಯ ಕಡೆಯದು ಮುಂದೆ ಬಂದು, ತಾವು ಒಪ್ಪಿಗೆ ಕೊಟ್ಟರೆ, ಎರಡನ್ನೂ ಜೊತೆಗೆ ಒಂದು ಒತ್ತಡಮಾಪಕವನ್ನೂ ಕೊಡುತ್ತೇನೆ. ತಿಂಗಳಿಗೆರಡು ಸಲ ಘಟ್ಟ ಇಳಿದು ಬಂದು ಮಕ್ಕಳ ಜೊತೆ ಕೂರಲು ನನಗೆ ಸಂಬಳವೂ ಬೇಡ, ಗೌರವಧನವೂ ಬೇಡ. ಮಳೆ ಹಿಡಿಯುವ ಮೊದಲು ಎಣಿಕೆ ಶುರುವಾಗಬೇಕು. ಇಲ್ಲದಿದ್ದರೆ ಹೋಲಿಸಲು ಮಳೆಗಾಲಕ್ಕೆ ಮೊದಲಿನ ಅಂಕಿಗಳು ನಮ್ಮ ಕೈಯಲ್ಲಿರುವುದಿಲ್ಲ, ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ದಯವಿಟ್ಟು ಮೇ ತಿಂಗಳೊಳಗೆ ಉತ್ತರ ಕೊಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಶಿರಸಿ, ಉತ್ತರ ಕನ್ನಡ